ಕೊಡಲೊಲ್ಲ, ಕೊಡಲಾರ

ಔಲು ಪಟ್ಟಣದಲ್ಲಿ ನವೆಂಬರಿನ ಸೂರ್ಯ
ಮೂರೂವರೆಗೇ ಅಂಗಡಿ ಮುಚ್ಚುತ್ತಾನೆ.
ಸಿನಿಕ್ಕಾ ಕೂತ ಕುರ್ಚಿಯಲ್ಲೇ
ಹತ್ತು ಸಾವಿರ ಮಂದಿಯನ್ನು ಹುಟ್ಟಿಸಿದ್ದಾಳೆ,
ಹೆಸರಿಲ್ಲ, ಬರೀ ನಂಬರು.
ಎಲ್ಲರೂ ನೋಡುತ್ತಿರುವುದು ಒಂದೇ ಐಸ್ ಹಾಕಿ ಪಂದ್ಯ,
ಅದೂ ನಡೆದದ್ದಲ್ಲ.

ನಡುವೆ ದೊಡ್ಡ ಸರ್ವರಿಲ್ಲ, ಧಣಿಯಿಲ್ಲ, ಕಣಜವಿಲ್ಲ.
ಚಿತ್ರ ಚೂರು ಚೂರಾಗಿ ಬರುತ್ತದೆ
ಪಕ್ಕದವನಿಂದ ಪಕ್ಕದವನಿಗೆ,
ಉರಿಯುವ ಮನೆಯತ್ತ ಬಕೆಟ್ಟು ಸಾಗಿದ ಹಾಗೆ.
ಬಂದದ್ದನ್ನು ನೋಡು,
ನೋಡಿದ್ದನ್ನು ದಾಟಿಸು.

ದಾಟಿಸದವರು ಮೂರು ಸಾವಿರ.
ಅವರನ್ನು ಹಾಕಿದ್ದೂ ಅವಳೇ, ಬೇಕೆಂದೇ.
ಊಟಕ್ಕೆ ಮೊದಲ ಪಂಕ್ತಿ, ಬಡಿಸುವಾಗ ನಾಪತ್ತೆ,
ಉಂಡ ಎಲೆಯನ್ನೂ ಎತ್ತದವರು.
ಅವರಿಗೊಂದು ನಿಯಮ ಬರೆದಳು: ಮುಯ್ಯಿಗೆ ಮುಯ್ಯಿ.
ಹತ್ತು ಸೆಕೆಂಡಿಗೊಮ್ಮೆ ಲೆಕ್ಕ ನೋಡು,
ಕೊಡದವನ ನಲ್ಲಿ ತಿರುಗಿಸು.
ಗುಂಡಿ ಒತ್ತಿ ಕಾಫಿಗೆ ಹೋದಳು.

ಬರುವಷ್ಟರಲ್ಲಿ ಶಿಕ್ಷೆ ಮುಗಿದಿತ್ತು.
ಬಿಟ್ಟಿ ನೋಡುವವರ ಪರದೆ ಮೊದಲು ತೊದಲಿತು,
ಆಮೇಲೆ ನಿಂತೇ ಹೋಯಿತು:
ಚೆಂಡಲ್ಲದ ಆ ಕಪ್ಪು ಬಿಲ್ಲೆ
ಗೋಲಿಗೆ ಒಂದು ಗೇಣು ದೂರದಲ್ಲಿ, ಗಾಳಿಯಲ್ಲಿ.
ಸಿನಿಕ್ಕಾಗೆ ಖುಷಿ. ಸುಳ್ಳು ಯಾಕೆ,
ತುಸು ಹೆಚ್ಚೇ ಖುಷಿ.

ಯಾಕೆಂದರೆ ಅಕ್ಟೋಬರಿನ ಶನಿವಾರ
ಅವಳ ವಠಾರದಲ್ಲಿ ತಾಲ್ಕೋತ್,
ಕೂಲಿಯಿಲ್ಲದೆ ಎಲ್ಲರೂ ಕೂಡಿ ದುಡಿಯುವ ದಿನ.
ಬರ್ಚ್ ಎಲೆ ಗುಡಿಸಿ, ಬೇಲಿಗೆ ಬಣ್ಣ ಬಳಿದು,
ಮರಳು ಡಬ್ಬ ತುಂಬಿ,
ಎಲ್ಲರ ಬೆನ್ನೂ ಬಾಗಿದ ಮೇಲೆ
ಸಾಸೇಜು ಸುಡುವ ವಾಸನೆಗೆ ಸರಿಯಾಗಿ
ಮೂರನೇ ಮಹಡಿಯಿಂದ ಇಳಿದು ಬಂದ ಓರ್ವೊ.
ಹೆಸರಿನಂತೆಯೇ ಓರ್ವನೇ.
ಆರು ವರ್ಷದಿಂದ ಪೊರಕೆ ಮುಟ್ಟಿಲ್ಲ,
ಒಂದು ಸಾಸೇಜೂ ತಪ್ಪಿಸಿಲ್ಲ.
ಸಿನಿಕ್ಕಾ ಮನಸ್ಸಿನಲ್ಲೇ ಅವನಿಗೊಂದು ನಂಬರು ಕೊಟ್ಟಿದ್ದಳು.

ರಾತ್ರಿ ಒಂಬತ್ತಕ್ಕೆ ದಾಖಲೆ ಬಿಡಿಸಿದಾಗ
೪೪೧೭ ಕಣ್ಣಿಗೆ ಬಿತ್ತು.
ಮೂರು ಸಾವಿರದಲ್ಲಿ ಅವನಿಲ್ಲ,
ಆದರೂ ಪರದೆ ಕಪ್ಪು.
ತಂತಿಯ ಕೊನೆಯಲ್ಲೆಲ್ಲೋ ಕೂತಿದ್ದಾನೆ,
ಇಳಿಯುವ ದಾರಿ ಅಗಲ, ಏರುವ ದಾರಿ ಸೂಜಿಕಣ್ಣು.
ಕೊಡಲೊಲ್ಲೆ ಅಂದವನಲ್ಲ, ಕೊಡಲಾರದವನು.
ಒಲ್ಲೆ ಎಂಬುದಕ್ಕೂ ಆರೆ ಎಂಬುದಕ್ಕೂ
ಯಂತ್ರದಲ್ಲಿ ಇದ್ದದ್ದು ಒಂದೇ ಸೊನ್ನೆ.

೯೯೮೨ರದು ಇನ್ನೊಂದು ಕತೆ.
ಪಂದ್ಯದ ನಡುವೆ ಬಂದು ಸೇರಿದವನು,
ಕೈಯಲ್ಲಿ ಒಂದು ಚೂರೂ ಇಲ್ಲ.
ಕೊಟ್ಟರೆ ಪಡೆಯುತ್ತಿದ್ದ, ಪಡೆದಿದ್ದರೆ ಕೊಡುತ್ತಿದ್ದ.
ಹೊಸ್ತಿಲಲ್ಲೇ ಉಪವಾಸ ಸತ್ತ,
ನಿಯಮ ಒಂದಿಷ್ಟೂ ತಪ್ಪದೆ.
ನ್ಯಾಯದ ತಕ್ಕಡಿಗೆ
ಮೊದಲ ತುತ್ತು ಎಲ್ಲಿಂದ ಬರಬೇಕೆಂದು ಗೊತ್ತಿರಲಿಲ್ಲ.

ಅವಳು ಒಂದು ಸಾಲು ಸೇರಿಸಿದಳು.
ಹತ್ತರಲ್ಲಿ ಒಂದು ಸಲ
ಲೆಕ್ಕದ ಪುಸ್ತಕ ಮುಚ್ಚು,
ಯಾರೆಂದು ಕೇಳದೆ ಕೊಡು.
ಕಳ್ಳರಿಗೂ ಸಿಗುತ್ತದೆ, ಗೊತ್ತು.
ಸಿಕ್ಕಿತು ಕೂಡ: ಮೂರು ಸಾವಿರ ಮಂದಿಗೆ
ಕುಂಟುವ ಚಿತ್ರ, ಮಸುಕು ಮೋರೆಗಳು,
ಚೆನ್ನಾಗಿ ನೋಡಬೇಕೆಂದರೆ ದಾಟಿಸಲೇಬೇಕು ಅನ್ನುವಷ್ಟು.
೯೯೮೨ ಕಣ್ಣು ಬಿಟ್ಟ, ಮರುಗಳಿಗೆಗೆ
ನಾಲ್ವರಿಗೆ ಹಂಚುತ್ತಿದ್ದ.
೪೪೧೭ರ ಪರದೆಯಲ್ಲಿ ಬಿಲ್ಲೆ ಒಂದು ಗೇಣು ಜರುಗಿತು.
ಗೋಲೋ ಅಲ್ಲವೋ,
ಅಷ್ಟು ಮಸುಕಿನಲ್ಲಿ ತಿಳಿಯಲಿಲ್ಲ.

ಮನೆಗೆ ಸೈಕಲ್ಲು ತುಳಿಯುವಾಗ ಹಿಮ ಶುರುವಾಯಿತು.
ಓರ್ವೊ ತಟ್ಟೆ ಹಿಡಿದದ್ದು ಎಡಗೈಯಲ್ಲಿ,
ಬಲಗೈ ಜೇಬಿನಿಂದ ಹೊರಬಂದದ್ದನ್ನು
ಆರು ವರ್ಷದಲ್ಲಿ ಕಂಡ ನೆನಪಿಲ್ಲ ಅವಳಿಗೆ.
ಚಳಿಗಿರಬಹುದು.
ಸೋಮಾರಿಯೇ ಇರಬಹುದು.
ಯಾರೂ ಕೇಳಿರಲಿಲ್ಲ.
ಅಂದು ಇಕ್ಕಳ ಹಿಡಿದು ನಿಂತ ವಠಾರದ ಹಿರಿಯಾಕೆ ಮಾತ್ರ
ತಲೆ ಎತ್ತದೆ ದೊಡ್ಡದೊಂದನ್ನೇ ಹಾಕಿದ್ದಳು.

ಅವನು ಅದನ್ನೊಮ್ಮೆ, ಅವಳನ್ನೊಮ್ಮೆ ನೋಡಿ
ಕೇಳಿದ್ದ, ಸಾಲಿನವರೆಲ್ಲ ಕೇಳುವ ಹಾಗೆ:
‘ಸಾಸಿವೆ ಎಲ್ಲಿ?’